ಕ್ಯೂಬ್ ರಜಿಸ್ಟರಿನ ಒಂಬತ್ತು ಸಾಲುಗಳು: ಅಳೆಯದ ಅಂಕಿಗೆ ಸಹಿ ಹಾಕಬೇಕೇ?

ಸೈಟ್ ಇಂಜಿನಿಯರ್, ಹುಬ್ಬಳ್ಳಿ

ಹಿರಿಯರಿಗೆ ನಮಸ್ಕಾರ. ನಾನು ಸಿವಿಲ್ ಪದವಿ ಮುಗಿಸಿ ಎರಡು ವರ್ಷವಾಯಿತು. ಹುಬ್ಬಳ್ಳಿಯ ಹೊರವಲಯದಲ್ಲಿ ಕಟ್ಟುತ್ತಿರುವ ಒಂದು ಗೋದಾಮಿನಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ಮಾಲೀಕರ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ.

ಮೊದಲ ಮಹಡಿಯ ಸ್ಲ್ಯಾಬಿಗೆ 48 ಘನಮೀಟರ್ ಕಾಂಕ್ರೀಟು, ಎಂಟು ಗಾಡಿಗಳಲ್ಲಿ ಬಂತು. ಕಾಂಕ್ರೀಟು ಕೆಲಸದ ಭಾರತೀಯ ಸಂಹಿತೆ ಐಎಸ್ 456ರ ಪ್ರಕಾರ 31ರಿಂದ 50 ಘನಮೀಟರಿನವರೆಗೆ ನಾಲ್ಕು ಮಾದರಿ ತೆಗೆಯಬೇಕು. ಮಾದರಿಗೆ ಮೂರರಂತೆ ಹನ್ನೆರಡು ಕ್ಯೂಬ್, ಅಂದರೆ ಬಲ ಪರೀಕ್ಷೆಗೆಂದು ಅಚ್ಚಿನಲ್ಲಿ ತುಂಬುವ ಕಾಂಕ್ರೀಟು ಗಟ್ಟಿ, ಆಗಬೇಕಿತ್ತು. ಅಂದು ಅಚ್ಚುಗಳು ತಡವಾಗಿ ಬಂದವು. ಮೂರನೆಯ ಗಾಡಿಯ ಹೊತ್ತಿಗೆ ಪಂಪು ಕೈಕೊಟ್ಟಿತು, ಮೇ ತಿಂಗಳ ಬಿಸಿಲಿಗೆ ಕಾಂಕ್ರೀಟು ಬಿಗಿಯತೊಡಗಿತು, ಚಾಲಕ ಯಾರನ್ನೂ ಕೇಳದೆ ಪೈಪು ಹಿಡಿದು ಡ್ರಮ್ಮಿಗೆ ನೀರು ಬಿಟ್ಟ. ಆ ಗಾಡಿಯಿಂದಲೇ ನಾನು ಮೂರು ಕ್ಯೂಬ್ ತುಂಬಿದೆ. ಮುಂದಿನ ಗದ್ದಲದಲ್ಲಿ ಉಳಿದ ಒಂಬತ್ತನ್ನು ತೆಗೆಯಲೇ ಇಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

28 ದಿನಗಳಾದ ಮೇಲೆ ಕ್ಯೂಬುಗಳನ್ನು ಒಡೆಸಿದೆವು. ನಮ್ಮದು ಎಂ-25, ಅಂದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲದ ಕಾಂಕ್ರೀಟು; ಅದಕ್ಕೆ ಯಂತ್ರದ ಮುಳ್ಳು 562 ಕಿಲೋನ್ಯೂಟನ್ ದಾಟಬೇಕು. ಎರಡನೆಯ ಕ್ಯೂಬಿಗೆ ಅದು 414ಕ್ಕೆ ಬಂದು ನಿಂತು ಮೆಲ್ಲಗೆ ಹಿಂದೆ ಸರಿಯಿತು. 25 ಇರಬೇಕಾದಲ್ಲಿ ಫಲಿತಾಂಶ 17.8, 18.4, 19.0.

ಈಗ ರಜಿಸ್ಟರು ನನ್ನ ಮೇಜಿನ ಮೇಲಿದೆ. ತೆಗೆಯದ ಒಂಬತ್ತು ಕ್ಯೂಬುಗಳ ಸಾಲುಗಳನ್ನು ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ತುಂಬಿಬಿಟ್ಟಿದ್ದಾರೆ: 26.8, 27.1, 26.9, 27.3, ಹೀಗೆ. ಒಡೆಸಿದ ಮೂರನ್ನೂ 'ಸರಿಮಾಡಿ' ಸೋಮವಾರದೊಳಗೆ ಸಹಿ ಹಾಕಬೇಕಂತೆ, ಬಿಲ್ಲು ಹೋಗಬೇಕಂತೆ. ನಾನು ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಾರೆ, ಸ್ಲ್ಯಾಬು ಹೇಗಿದ್ದರೂ ಅದೇ ಸ್ಲ್ಯಾಬು. ಹಾಗಿದ್ದ ಮೇಲೆ ನನ್ನ ಸಹಿಯಿಂದ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ನನಗೇ ಉತ್ತರ ಹೊಳೆಯುತ್ತಿಲ್ಲ.

ಗುತ್ತಿಗೆದಾರ, ಗದಗ

ತಮ್ಮಾ, ನಾನು ಇಪ್ಪತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಬೈಯುವವರು ಬಹಳ ಜನ ಸಿಗುತ್ತಾರೆ, ನಾನು ಇದ್ದದ್ದನ್ನು ಹೇಳುತ್ತೇನೆ. ಟೆಂಡರು ಹಿಡಿಯುವಾಗಲೇ ದರ ಇಳಿಸಿರುತ್ತೇವೆ, ಬಿಲ್ಲು ಆಗಲು ತಿಂಗಳುಗಟ್ಟಲೆ ಕಾಯುತ್ತೇವೆ, ಗೌಂಡಿಗಳಿಗೆ ಮಾತ್ರ ಶನಿವಾರಕ್ಕೆ ಶನಿವಾರ ಪಗಾರ ಕೊಡಲೇಬೇಕು. ರಜಿಸ್ಟರು ಕೇಳುವ ಸಾಹೇಬರಲ್ಲಿ ಕ್ಯೂಬನ್ನು ಕಣ್ಣಿನಿಂದ ನೋಡುವವರು ಕಡಿಮೆ. ಕಾಗದ ಇದ್ದರೆ ಸಾಕು ಎಂಬುದನ್ನು ನಮಗೆ ಕಲಿಸಿದವರೂ ಅವರೇ.

ಎರಡನೆಯದಾಗಿ, ನೀರು ಬಿದ್ದ ಗಾಡಿಯಿಂದಲೇ ನೀನು ಕ್ಯೂಬ್ ತುಂಬಿದ್ದೀ. ಒಂದು ಗಾಡಿಯ ಮೂರು ಕ್ಯೂಬಿನಿಂದ ಎಂಟು ಗಾಡಿಯ ಕಾಂಕ್ರೀಟನ್ನು ತೂಗುವುದು ಯಾವ ನ್ಯಾಯ? ಮೂರನೆಯದಾಗಿ, ಲೆಕ್ಕ ಮಾಡುವಾಗಲೇ ಕಾಂಕ್ರೀಟಿಗೆ ಒಂದೂವರೆ ಪಟ್ಟು ಭದ್ರತೆ ಇಟ್ಟಿರುತ್ತಾರೆ. 25ರ ಬದಲು 18 ಇದ್ದರೂ ಅದರೊಳಗೇ ಬರುತ್ತದೆ. ಗೋಣಿತಟ್ಟು ಹೊದಿಸಿ ಇನ್ನೂ ಹದಿನೈದು ದಿನ ನೀರು ಹೊಡೆಸು, ಸಹಿ ಹಾಕು, ಮುಂದಿನ ಸ್ಲ್ಯಾಬಿಗೆ ಕಾವಲು ನಿಲ್ಲು. ಈ ಸ್ಲ್ಯಾಬು ಬೀಳುವುದಿಲ್ಲ.

ನಿವೃತ್ತ ಅಭಿಯಂತರ, ಧಾರವಾಡ

ಗದಗಿನ ಗೆಳೆಯರ ಮೊದಲ ಮಾತು ನಿಜ, ಎರಡನೆಯದು ಒಳ್ಳೆಯ ಪ್ರಶ್ನೆ, ಮೂರನೆಯದು ತಪ್ಪು. ಮೂರನೆಯದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ವೃತ್ತಿಯಲ್ಲಿ ನಾನು ಕೇಳಿದ ಅತ್ಯಂತ ಅಪಾಯಕಾರಿ ಮಾತು 'ಹೇಗೂ ಒಂದೂವರೆ ಇದೆಯಲ್ಲ' ಎಂಬುದು.

ಆ ಒಂದೂವರೆ ಯಾರ ಜೇಬಿನ ಉಳಿತಾಯವೂ ಅಲ್ಲ. ಕಬ್ಬಿಣದ ಸಳಿಗೆ 1.15 ಸಾಕೆನ್ನುವ ಸಂಹಿತೆ ಕಾಂಕ್ರೀಟಿಗೆ 1.5 ಏಕೆ ಕೇಳುತ್ತದೆ ಎಂದು ಯೋಚಿಸಿ. ಸಳಿ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತದೆ. ಕಾಂಕ್ರೀಟು ನಮ್ಮ ಕಣ್ಣೆದುರು, ಉಸುಕಿನ ತೇವ ಒಂದೊಂದು ದಿನ ಒಂದೊಂದು ಥರ ಇರುವಾಗ, ವೈಬ್ರೇಟರ್ ಹಿಡಿದವನ ಕೈ ಸೋತಿರುವಾಗ ತಯಾರಾಗುತ್ತದೆ. ಅಚ್ಚಿನಲ್ಲಿ ಚೆನ್ನಾಗಿ ಕುಟ್ಟಿ ನೀರಿನ ತೊಟ್ಟಿಯಲ್ಲಿಟ್ಟ ಕ್ಯೂಬಿಗೂ ಸ್ಲ್ಯಾಬಿನ ಮೂಲೆಯಲ್ಲಿ ಗಾಳಿ ಬಿಸಿಲಿಗೆ ಒಣಗಿದ ಕಾಂಕ್ರೀಟಿಗೂ ಇರುವ ಅಂತರವನ್ನು ತುಂಬಲು ಆ ಭದ್ರತೆ ಬೇಕು. ಅಳತೆಗೆ ಸಿಗದ ದೌರ್ಬಲ್ಯಕ್ಕಾಗಿ ಇಟ್ಟದ್ದನ್ನು, ಅಳೆದು ಕಣ್ಣಿಗೆ ಬಿದ್ದ ದೌರ್ಬಲ್ಯಕ್ಕೆ ಖರ್ಚು ಮಾಡಿದರೆ, ಅಳತೆಗೆ ಸಿಗದದ್ದು ಹಾಗೆಯೇ ಉಳಿದಿರುತ್ತದೆ, ಭದ್ರತೆ ಮಾತ್ರ ಕರಗಿರುತ್ತದೆ.

ಇದು ಗೋದಾಮು ಎಂಬುದನ್ನೂ ಮರೆಯಬೇಡಿ. ಮನೆಯ ಸ್ಲ್ಯಾಬಿನ ಮೇಲೆ ಲೆಕ್ಕದಲ್ಲಿ ಬರೆದಷ್ಟು ಭಾರ ಬೀಳುವುದು ಅಪರೂಪ. ಸುಗ್ಗಿಯಲ್ಲಿ ಕಡಲೆ ಚೀಲವನ್ನೋ ಮೆಣಸಿನಕಾಯಿ ಚೀಲವನ್ನೋ ಅಟ್ಟಿ ಹಾಕುವವರು ಬರೆದದ್ದಕ್ಕಿಂತ ಒಂದು ಸಾಲು ಹೆಚ್ಚೇ ಹಾಕುತ್ತಾರೆ. ಬಾಗುವಿಕೆಯ ಮಟ್ಟಿಗೆ ಹೇಳುವುದಾದರೆ ಕಾಂಕ್ರೀಟು ತುಸು ಬಡವಾದರೂ ನಡೆದೀತು, ಅಲ್ಲಿ ಹೆಚ್ಚಿನ ಮಾತು ಸಳಿಯದೇ. ಸ್ಲ್ಯಾಬು ಜೋಲುತ್ತದೆ, ಬಿರುಕು ಬಿಡುತ್ತದೆ, ಕೆಳಗಿದ್ದವರಿಗೆ ಹೊರಗೆ ಓಡಲು ಸಮಯ ಕೊಡುತ್ತದೆ. ಆಸರೆಗಳ ಬಳಿಯ ಶಿಯರ್, ಅಂದರೆ ಕತ್ತರಿಸುವಂಥ ಒತ್ತಡ, ಹಾಗಲ್ಲ. ಅಲ್ಲಿ ಕಾಂಕ್ರೀಟಿನ ಬಲಕ್ಕೆ ಹೆಚ್ಚು ಬೆಲೆ, ಮುನ್ಸೂಚನೆ ಮಾತ್ರ ಕಡಿಮೆ. ಮೂರನೆಯ ಗಾಡಿಯ ಕಾಂಕ್ರೀಟು ಸ್ಲ್ಯಾಬಿನ ಯಾವ ಭಾಗದಲ್ಲಿ ಬಿದ್ದಿದೆ ಎಂದು ಗೊತ್ತೇ? ನಾನು ಮೊದಲು ಕೇಳುವ ಪ್ರಶ್ನೆ ಅದು.

'ಬೀಳುವುದಿಲ್ಲ' ಎನ್ನುವ ಮಾತಿಗೆ ನನ್ನದೊಂದು ಅನುಭವ. ನವಲಗುಂದದ ಕಡೆಯ ಒಂದು ಹಳ್ಳಕ್ಕೆ ಸಣ್ಣ ಸೇತುವೆಯ ಪ್ರಸ್ತಾವ ಬಂದಾಗ ಕಿಂಡಿಯ ಅಗಲವನ್ನು ಕಡಿಮೆ ಮಾಡಿಕೊಡಲು ನನ್ನನ್ನು ಒಪ್ಪಿಸಲಾಯಿತು. ವಾದ ಏನೆಂದರೆ, 2009ರಲ್ಲಿ ಬೆಣ್ಣಿಹಳ್ಳ ಉಕ್ಕಿದಂಥ ನೆರೆ ನೂರು ವರ್ಷಕ್ಕೊಮ್ಮೆ ಬರುವಂಥದ್ದು, ಅದು ಬಂದು ಹೋಗಿದೆ, ಇನ್ನು ನಮ್ಮ ಕಾಲಕ್ಕೆ ಇಲ್ಲ. ನಾನೂ ತಲೆ ಆಡಿಸಿದೆ. ನೂರು ವರ್ಷದ ನೆರೆ ಎಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದಷ್ಟೇ ಅರ್ಥ, ಹಳ್ಳವೇನೂ ಪಂಚಾಂಗ ನೋಡಿ ಹರಿಯುವುದಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಅಂಥದ್ದು ಬರುವ ಸಂಭವ ಶೇಕಡಾ 26. ಐವತ್ತು ವರ್ಷಕ್ಕೆ ಶೇಕಡಾ 39 ದಾಟುತ್ತದೆ. ಇದನ್ನು ನಾನು ಕಾಲೇಜಿನಲ್ಲೇ ಓದಿದ್ದೆ, ಸಭೆಯಲ್ಲಿ ಬಾಯಿ ಬಿಡಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಮತ್ತೆ ಉಕ್ಕಿದವು, ಆ ಕಿಂಡಿಯ ಎರಡೂ ಬದಿಯ ಮಣ್ಣು ಕೊಚ್ಚಿಹೋಯಿತು. ಯಾರ ಜೀವವೂ ಹೋಗಲಿಲ್ಲ ಎಂಬುದು ನನ್ನ ಜಾಣ್ಮೆಯಲ್ಲ.

ಅದೇ ವರ್ಷ ಮಾರ್ಚ್ 19ರಂದು ನಮ್ಮ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಆ ಕುಸಿತದ ಕಾರಣಗಳನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಅವಶೇಷದ ಕೆಳಗಿನಿಂದ ಜನರನ್ನು ತೆಗೆಯುತ್ತಿದ್ದ ಆ ದಿನಗಳಲ್ಲಿ ಧಾರವಾಡದಲ್ಲಿದ್ದ ಯಾವ ಇಂಜಿನಿಯರನೂ 'ಬೀಳುವುದಿಲ್ಲ' ಎಂಬ ಮಾತನ್ನು ಇಷ್ಟು ಹಗುರವಾಗಿ ಆಡಲಾರ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಧಾರವಾಡ

ನಾನು ಸಿವಿಲ್ ಓದಿದವನಲ್ಲ, ಆದರೆ ಆ 26.8, 27.1, 26.9, 27.3 ನೋಡಿ ಸುಮ್ಮನಿರಲಾಗಲಿಲ್ಲ. ಐಎಸ್ 456 ಪುಸ್ತಕವನ್ನು ಪಕ್ಕದ ಕೋಣೆಯ ಸಹೋದ್ಯೋಗಿಯಿಂದ ತರಿಸಿ ನೋಡಿದೆ. ಎಂ-25 ಎಂದರೆ ಸರಾಸರಿ 25 ಎಂದಲ್ಲ. ಫಲಿತಾಂಶಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು 25ರ ಕೆಳಗೆ ಬೀಳಬಾರದು ಎಂದು. ಎಂ-25ಕ್ಕೆ ಮೊದಲಿಗೆ ಹಿಡಿಯಬೇಕಾದ ಪ್ರಮಾಣಿತ ವಿಚಲನೆ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರುತ್ತವೆ ಎಂಬ ಅಳತೆ, 4. ಅದರ 1.65 ಪಟ್ಟನ್ನು 25ಕ್ಕೆ ಕೂಡಿಸಿದರೆ 31.6. ಅಂದರೆ ಪ್ರಾಮಾಣಿಕವಾಗಿ ಮಿಶ್ರಣ ಲೆಕ್ಕ ಹಾಕಿದವನು 31.6ರ ಕಡೆ ಗುರಿ ಇಟ್ಟಿರುತ್ತಾನೆ. ಅವನ ರಜಿಸ್ಟರಿನಲ್ಲಿ 36 ಇರುತ್ತದೆ, 29 ಇರುತ್ತದೆ, ಎಲ್ಲೋ ಒಂದು 25ರ ಅಂಚಿನದೂ ಇರುತ್ತದೆ. ಬೇರೆಬೇರೆ ಗಾಡಿಗಳ ಒಂಬತ್ತಕ್ಕೆ ಒಂಬತ್ತೂ 27ರ ಸುತ್ತ ಅರ್ಧ ಅಂಶದೊಳಗೆ ಕೂತಿದ್ದರೆ ಅದು ಕಾಂಕ್ರೀಟಿನಿಂದ ಬಂದದ್ದಲ್ಲ. ಪಾಸಾಗಲು ಎಷ್ಟು ಬೇಕು ಎಂಬುದಷ್ಟೇ ಗೊತ್ತಿರುವ ಮನುಷ್ಯನ ತಲೆಯಿಂದ ಬಂದದ್ದು. ಸುಳ್ಳು ಬರೆಯುವವರೂ ಜಿಪುಣರಾಗಿರುತ್ತಾರೆ ಎಂಬುದು ಒಂದು ತಮಾಷೆ.

ವಿಜ್ಞಾನದಲ್ಲಿ ಇದು ಹಳೆಯ ಕಥೆ. ಇಂಗ್ಲಿಷ್ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1830ರಷ್ಟು ಹಿಂದೆಯೇ ಈ ಮೋಸವನ್ನು ಬಗೆಬಗೆಯಾಗಿ ಬಿಡಿಸಿದ್ದ. ಮಾಡದ ವೀಕ್ಷಣೆಯನ್ನು ಬರೆಯುವುದು ಒಂದು. ಸರಾಸರಿಯಿಂದ ದೂರ ಚಾಚಿದ್ದನ್ನು ಕತ್ತರಿಸಿ ಕಡಿಮೆ ಇರುವಲ್ಲಿಗೆ ಅಂಟಿಸುವುದು ಇನ್ನೊಂದು. ಬಹಳಷ್ಟು ವೀಕ್ಷಣೆ ಮಾಡಿ ಬೇಕಾದವನ್ನಷ್ಟೇ ಆರಿಸಿ ಬಡಿಸುವುದು ಮತ್ತೊಂದು. ನಿಮ್ಮ ಒಂಬತ್ತು ಸಾಲು ಮೊದಲನೆಯ ಜಾತಿ, ಮೂರನ್ನು 'ಸರಿಮಾಡುವುದು' ಎರಡನೆಯದಕ್ಕೆ ಹತ್ತಿರ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಆನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲನ ಬಟಾಣಿ ಲೆಕ್ಕವನ್ನು ಮತ್ತೆ ಪರೀಕ್ಷಿಸಿ, ಅಂಕಿಗಳು ಸಿದ್ಧಾಂತಕ್ಕೆ ಅತಿಯಾಗಿ ಹೊಂದುತ್ತವೆ, ಆಕಸ್ಮಿಕಕ್ಕೆ ಇಷ್ಟು ಶಿಸ್ತು ಇರುವುದಿಲ್ಲ ಎಂದು ತೋರಿಸಿದ. ಮೆಂಡೆಲನ ನಿಯಮ ಉಳಿಯಿತು, ಅಂಕಿಗಳ ಮೇಲಿನ ಅನುಮಾನವೂ ಉಳಿಯಿತು.

ಮೆಕ್ಯಾನಿಕಲ್ ವಿದ್ಯಾರ್ಥಿ, ಹುಬ್ಬಳ್ಳಿ

ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಪ್ರಕರಣವೂ ಇದೇ ಅಲ್ಲವೇ? 1986ರ ಜನವರಿ 27ರ ರಾತ್ರಿ ನೌಕೆಯನ್ನು ಮೇಲೆತ್ತುವ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಚಳಿಯಲ್ಲಿ ಅದರ ಕೀಲು ಮುಚ್ಚುವ ರಬ್ಬರಿನ ಓ-ರಿಂಗು ಸೆಡೆಯುತ್ತದೆ, ಹಾರಿಸಬೇಡಿ ಎಂದರು. ಇಂಜಿನಿಯರನ ಟೋಪಿ ತೆಗೆದು ವ್ಯವಸ್ಥಾಪಕನ ಟೋಪಿ ಹಾಕಿಕೋ ಎಂದು ಅವರ ಮುಖ್ಯಸ್ಥನಿಗೆ ಮೇಲಿನವರು ಹೇಳಿದರು. ಮರುದಿನ ಏಳು ಜನ ಸತ್ತರು. ರೋಜರ್ ಬೋಯ್ಸ್‌ಜೋಲಿ ಎಂಬ ಆ ಕಂಪನಿಯ ಇಂಜಿನಿಯರ್ ಆರು ತಿಂಗಳು ಮೊದಲೇ ಎಚ್ಚರಿಕೆಯ ಟಿಪ್ಪಣಿ ಬರೆದಿದ್ದರು. ನಮ್ಮ ಹುಬ್ಬಳ್ಳಿಯ ಅಣ್ಣ ಅವರಂತೆ ಧೈರ್ಯ ತೋರಬೇಕು.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಧಾರವಾಡ

ಧೈರ್ಯದ ಕಥೆ ನಿಜ, ಆದರೆ ಅಲ್ಲಿಗೆ ನಿಲ್ಲಿಸಿದರೆ ಆ ರಾತ್ರಿಯ ಅರ್ಧ ಪಾಠ ತಪ್ಪಿಹೋಗುತ್ತದೆ. ಅಂದು ಚರ್ಚೆಗೆ ಬಂದದ್ದು ಓ-ರಿಂಗಿಗೆ ಹಾನಿಯಾದ ಹಾರಾಟಗಳು ಮಾತ್ರ. ಅವುಗಳಲ್ಲಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನದೂ ಇತ್ತು, 24 ಡಿಗ್ರಿಯದೂ ಇತ್ತು. ಹಾಗಾದರೆ ಚಳಿಗೂ ಹಾನಿಗೂ ಏನು ಸಂಬಂಧ ಎಂದು ಎದುರಿನವರು ಕೇಳಿದಾಗ ಇಂಜಿನಿಯರುಗಳ ಬಳಿ ಗಟ್ಟಿ ಉತ್ತರವಿರಲಿಲ್ಲ. ಹಾನಿಯೇ ಆಗದ ಹಾರಾಟಗಳನ್ನೂ ಅದೇ ಹಾಳೆಯ ಮೇಲೆ ಗುರುತಿಸಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಸುಮಾರು 19 ಡಿಗ್ರಿ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಮೂರಕ್ಕೆ ಮಾತ್ರ ಹಾನಿ. 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದ ನಾಲ್ಕಕ್ಕೆ ನಾಲ್ಕೂ ಹಾನಿ. ಉಡಾವಣೆಯ ಬೆಳಿಗ್ಗೆ ಇದ್ದದ್ದು 2 ಡಿಗ್ರಿ. ಈ ಲೆಕ್ಕವನ್ನು ದುರಂತದ ತನಿಖೆ ನಡೆಸಿದ ರೋಜರ್ಸ್ ಆಯೋಗ ಆಮೇಲೆ ಮುಂದಿಟ್ಟಿತು. ಸರಿಯಾಗಿದ್ದವರ ಕೈಯಲ್ಲೂ ಪೂರ್ಣ ಅಂಕಿ ಇರಲಿಲ್ಲ.

ಅದೇ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ಕಳೆದುಕೊಳ್ಳುವ ಸಂಭವ ಎಷ್ಟೆಂದು ಕೇಳುತ್ತ ಹೋದಾಗ ಇಂಜಿನಿಯರುಗಳು ನೂರರಲ್ಲಿ ಒಂದು ಎಂದರು, ಆಡಳಿತದವರು ಲಕ್ಷದಲ್ಲಿ ಒಂದು ಎಂದರು. ಲಕ್ಷದಲ್ಲಿ ಒಂದು ಎಂದರೆ ದಿನಕ್ಕೊಂದರಂತೆ ಸುಮಾರು 300 ವರ್ಷ ಹಾರಿಸಿದರೆ ಒಂದು ಹೋಗಬಹುದು ಎಂದರ್ಥ. ಅಷ್ಟು ಭರವಸೆ ಯಾವ ಪರೀಕ್ಷೆಯಿಂದ ಬಂತು ಎಂಬುದೇ ಅವನ ಪ್ರಶ್ನೆ. ಹಿಂದಿನ ಸಲ ಏನೂ ಆಗಲಿಲ್ಲ, ಆದ್ದರಿಂದ ಈ ಸಲವೂ ಆಗದು ಎಂಬ ನಂಬಿಕೆಯ ಹೊರತು ಅಲ್ಲಿ ಹೆಚ್ಚೇನೂ ಇರಲಿಲ್ಲ.

ಈಗ ಗದಗಿನವರ ಎರಡನೆಯ ಮಾತಿಗೆ ಬರುತ್ತೇನೆ. ಒಂದು ಗಾಡಿಯಿಂದ ಎಂಟನ್ನು ತೂಗಬಾರದು ಎಂಬುದು ಸರಿಯೇ. ಆ ಮಾತಿನಿಂದ ಉಳಿದ ಏಳು ಚೆನ್ನಾಗಿವೆ ಎಂದು ಸಿದ್ಧವಾಗುವುದಿಲ್ಲ, ಏಳರ ಬಗ್ಗೆ ಏನೂ ಗೊತ್ತಿಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ಒಂಬತ್ತು ಸುಳ್ಳು ಸಾಲುಗಳ ನಿಜವಾದ ಅಪರಾಧ ಇಲ್ಲಿದೆ: ಗೊತ್ತಿಲ್ಲ ಎಂಬ ಜಾಗವನ್ನು ಅವು ಗೊತ್ತಿದೆ ಎಂದು ಮುಚ್ಚುತ್ತವೆ. ಖಾಲಿ ಬಿಟ್ಟ ಸಾಲನ್ನು ನೋಡಿದವನು ಹೋಗಿ ಪರೀಕ್ಷೆ ಮಾಡಿಸುತ್ತಾನೆ, 27.1 ಎಂದು ಬರೆದ ಸಾಲನ್ನು ನೋಡಿದವನು ಮುಂದಿನ ಪುಟ ತಿರುವುತ್ತಾನೆ. ಸಹಿಯಿಂದ ಏನು ಬದಲಾಗುತ್ತದೆ ಎಂದು ಕೇಳಿದ್ದಿರಿ. ಸ್ಲ್ಯಾಬು ಬದಲಾಗುವುದಿಲ್ಲ; ಅದರ ಬಗ್ಗೆ ಇನ್ನು ಮುಂದೆ ಯಾರೂ ಪ್ರಶ್ನೆ ಕೇಳದಂತಾಗುತ್ತದೆ.

ಬೀಜ ಪರೀಕ್ಷೆಯವಳು, ರಾಣೇಬೆನ್ನೂರು

ಕಾಂಕ್ರೀಟು ನನಗೆ ತಿಳಿಯದು, ಮಾದರಿ ತಿಳಿಯುತ್ತದೆ. ದಿನವೂ ನನ್ನ ಮೇಜಿಗೆ ಬೀಜದ ಪೊಟ್ಟಣಗಳು ಬರುತ್ತವೆ. ಮೊಳಕೆ ಎಣಿಸುವುದು ಸುಲಭದ ಕೆಲಸ, ನಾಲ್ಕು ನೂರು ಬೀಜವನ್ನು ಕಾಗದದ ಮೇಲೆ ಸಾಲಾಗಿ ಇಟ್ಟು ದಿನ ತುಂಬಿದ ಮೇಲೆ ಎಣಿಸಿದರಾಯಿತು. ಕಷ್ಟವಿರುವುದು ಈ ಪೊಟ್ಟಣ ನಿಜವಾಗಿ ಆ ಗೋದಾಮಿನ ಆ ರಾಶಿಯಿಂದಲೇ ಬಂದದ್ದು ಎಂಬುದರಲ್ಲಿ. ಚೀಟಿ ತಪ್ಪಿದರೆ ನನ್ನ ಎಣಿಕೆ ಎಷ್ಟು ಶುದ್ಧವಾಗಿದ್ದರೂ ರೈತನ ಹೊಲಕ್ಕೆ ಸಂಬಂಧವಿಲ್ಲದ ಅಂಕಿಯಾಗುತ್ತದೆ.

ನಮ್ಮ ಭಾಗದವರಿಗೆ ನೆನಪಿರಬಹುದು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದವರು ಸೇರಿ ರೂಪಿಸಿದ ಬಿಕಾನೇರಿ ನರ್ಮಾ ಬಿಟಿ ಹತ್ತಿ 2009ರಲ್ಲಿ ರೈತರ ಕೈಗೆ ಬಂತು. ಬೀಜ ಉಳಿಸಿಕೊಂಡು ಮರುವರ್ಷ ಬಿತ್ತಬಹುದಾದ, ಸರ್ಕಾರಿ ವಲಯದ ಬಿಟಿ ತಳಿ ಎಂದು ಅದರ ಮೇಲೆ ದೊಡ್ಡ ಆಸೆಯಿತ್ತು. ಮಾನ್ಸಾಂಟೊ ಕಂಪನಿಯ ಬಿಟಿ ಜೀನು ಮಾನ್-531 ಅದರಲ್ಲಿ ಪತ್ತೆಯಾದ ಮೇಲೆ ಬೀಜೋತ್ಪಾದನೆ ನಿಂತಿತು, ಅದರ ತನಿಖೆ ಮಾಡಿದ ಸೋಪೊರಿ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಯಾರ ಮೇಲೂ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಚೀಲದ ಮೇಲಿನ ಹೆಸರು ಮತ್ತು ಚೀಲದೊಳಗಿನ ಬೀಜ ಬೇರೆಯಾದರೆ ವರ್ಷಗಟ್ಟಲೆ ದುಡಿದ ಕೆಲಸವೂ ಉಳಿಯುವುದಿಲ್ಲ. ಪರೀಕ್ಷೆಗೆಂದೇ ಹೆಚ್ಚು ಸಿಮೆಂಟು ಹಾಕಿ ಬೇರೆಯಾಗಿ ಕಲಸಿದ ಕ್ಯೂಬುಗಳೂ ಇರುತ್ತವೆ ಎಂದು ಕೇಳಿದ್ದೇನೆ. ಅಲ್ಲಿ ಯಂತ್ರ ಸುಳ್ಳು ಹೇಳುವುದಿಲ್ಲ, ಚೀಟಿ ಹೇಳುತ್ತದೆ.

ಗುತ್ತಿಗೆದಾರ, ಗದಗ

ಮೇಷ್ಟ್ರ ಮಾತು ಮನಸ್ಸಿಗೆ ನಾಟಿತು, ಇಲ್ಲವೆನ್ನುವುದಿಲ್ಲ. 31.6ರ ಲೆಕ್ಕ ನನಗೂ ಗೊತ್ತಿರಲಿಲ್ಲ. ಆದರೆ ಈ ಹುಡುಗ ಸೋಮವಾರ ಏನು ಮಾಡಬೇಕು? ಒಡೆದು ಹಾಕು ಎಂದು ಬರೆದರೆ ಅವನ ನೌಕರಿಯೂ ಹೋಗುತ್ತದೆ, ಗುತ್ತಿಗೆದಾರನೂ ಮುಳುಗುತ್ತಾನೆ. ದಾರಿ ಹೇಳಿ, ಬರೀ ನೀತಿ ಬೇಡ.

ನಿವೃತ್ತ ಅಭಿಯಂತರ, ಧಾರವಾಡ

ಒಡೆಯುವ ಮಾತು ಯಾರೂ ಆಡಿಲ್ಲ. ಕ್ಯೂಬು ಸೋತಾಗ ಏನು ಮಾಡಬೇಕೆಂದು ಸಂಹಿತೆಯೇ ದಾರಿ ಹೇಳಿದೆ. ಸ್ಲ್ಯಾಬಿನಿಂದಲೇ ಕೋರ್, ಅಂದರೆ ಉರುಳೆಯಾಕಾರದ ತುಂಡು, ಕೊರೆದು ತೆಗೆಯಬೇಕು, ಮೂರಕ್ಕಿಂತ ಕಡಿಮೆ ಸಲ್ಲದು. ಕ್ಯೂಬಿನ ಬಲಕ್ಕೆ ಪರಿವರ್ತಿಸಿದ ಸರಾಸರಿ, ಬೇಕಾದ ಬಲದ ಶೇಕಡಾ 85 ಮುಟ್ಟಬೇಕು, ಯಾವ ಒಂದೂ ಶೇಕಡಾ 75ಕ್ಕಿಂತ ಕೆಳಗಿರಬಾರದು; ನಿಮ್ಮ ಎಂ-25ಕ್ಕೆ 21.25 ಮತ್ತು 18.75. ಅದೂ ಸೋತರೆ ಭಾರ ಪರೀಕ್ಷೆಯಿದೆ: ಲೆಕ್ಕದ ಬಳಕೆಯ ಭಾರದ ಒಂದೂಕಾಲು ಪಟ್ಟನ್ನು 24 ಗಂಟೆ ಹೊರಿಸಿ, ಇಳಿಸಿದ ಮೇಲೆ ಸ್ಲ್ಯಾಬು ಎಷ್ಟು ಹಿಂದಕ್ಕೆ ಏಳುತ್ತದೆ ಎಂದು ನೋಡುವುದು. ಕೋರಿನ ಖರ್ಚು ಯಾರದೆಂದು ಒಪ್ಪಂದದಲ್ಲಿ ಬರೆದಿರುತ್ತದೆ, ಓದಿ.

ಸೋಮವಾರದ ಕೆಲಸ ಹೀಗಿರಲಿ. ರಜಿಸ್ಟರಿನ ಹಾಳೆ ಹರಿಯಬೇಡ, ಬಿಳಿ ಬಣ್ಣ ಬಳಿಯಬೇಡ. ಆ ಒಂಬತ್ತು ಸಾಲುಗಳ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆ, ಪಕ್ಕದಲ್ಲಿ 'ಮಾದರಿ ತೆಗೆದಿಲ್ಲ' ಎಂದು ಬರೆದು ತಾರೀಖು ಸಹಿತ ಸಹಿ ಹಾಕು. ಮೂರು ಫಲಿತಾಂಶ ಇದ್ದಂತೆ ಇರಲಿ. ಸ್ಟ್ರಕ್ಚರಲ್ ಇಂಜಿನಿಯರರಿಗೆ ಒಂದು ಪುಟದ ಪತ್ರ ಬರೆ: ಯಾವ ದಿನ, ಎಷ್ಟನೆಯ ಗಾಡಿ, ಎಲ್ಲಿ ಬಿತ್ತು, ನೀರು ಹಾಕಿದ್ದನ್ನು ಕಂಡದ್ದು ಯಾರು, ಮಾದರಿ ತಪ್ಪಿದ್ದು ಯಾರಿಂದ. ನಿನ್ನ ತಪ್ಪನ್ನೂ ಅದರಲ್ಲಿ ಬರೆ. ಅದೊಂದು ಸಾಲಿನಿಂದ ಉಳಿದ ಸಾಲುಗಳಿಗೆ ಬೆಲೆ ಬರುತ್ತದೆ. ಯಾರನ್ನೂ ಆರೋಪಿಸುವ ವಿಶೇಷಣ ಬೇಡ. ಮೊದಲು ನಿನ್ನ ಮೇಲಧಿಕಾರಿಗೆ ತೋರಿಸು, ಬೆನ್ನ ಹಿಂದೆ ಕಳಿಸಬೇಡ. ಅವರಿಗೂ ಒಂದು ರಾತ್ರಿ ಯೋಚಿಸಲು ಕೊಡು.

ಸೈಟ್ ಇಂಜಿನಿಯರ್, ಹುಬ್ಬಳ್ಳಿ (ಐದು ವಾರಗಳ ನಂತರ)

ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಪತ್ರವನ್ನು ಮೇಲಧಿಕಾರಿಗೆ ತೋರಿಸಿದೆ. ಮೊದಲ ದಿನ ಬೈದರು, ಎರಡನೆಯ ದಿನ ಮಾತಾಡಲಿಲ್ಲ, ಮೂರನೆಯ ದಿನ ತಾವೇ ಎರಡು ವಾಕ್ಯ ತಿದ್ದಿ ಕಳಿಸಿ ಎಂದರು. ತಿದ್ದುಪಡಿ ನ್ಯಾಯವಾಗಿಯೇ ಇತ್ತು. ಬಿಲ್ಲು ನಿಂತಿತು. ಮೂರನೆಯ ಗಾಡಿಯ ಕಾಂಕ್ರೀಟು ಎಲ್ಲಿ ಬಿದ್ದಿತ್ತೆಂಬುದು ನನ್ನ ಜೇಬಿನ ಪುಸ್ತಕದಲ್ಲಿತ್ತು, ಅದೃಷ್ಟಕ್ಕೆ ಆಸರೆಯಿಂದ ದೂರ, ಉತ್ತರದ ಅಂಕಣದ ನಡುವೆ. ಸಳಿ ತಪ್ಪಿಸಿ ಮೂರು ಕಡೆ ಕೋರ್ ತೆಗೆದರು. ಉತ್ತರದ ಅಂಕಣದ್ದು 19.6, ಉಳಿದೆರಡು 22.9 ಮತ್ತು 23.4. ಸರಾಸರಿ 21.97.

ಸಂಹಿತೆಯ ಪ್ರಕಾರ ಸ್ಲ್ಯಾಬು ಪಾಸು. ಗದಗಿನ ಅಣ್ಣನವರು ನಗುತ್ತಿರಬಹುದು, ಸೈಟಿನಲ್ಲೂ ಕೆಲವರು ನಕ್ಕರು. ಆದರೆ ಸ್ಟ್ರಕ್ಚರಲ್ ಇಂಜಿನಿಯರರು ಸರಾಸರಿಗೆ ಒಪ್ಪಲಿಲ್ಲ. ನೀರು ಬಿದ್ದ ಭಾಗ ಬೇರೆಯೇ ಕಾಂಕ್ರೀಟು, ಅದನ್ನು ಒಳ್ಳೆಯದರ ಜೊತೆ ಕಲಸಿ ಸರಾಸರಿ ತೆಗೆಯುವುದು ಬೇಡ ಎಂದು ಆ ಅಂಕಣವನ್ನು 19.6 ಹಿಡಿದೇ ಮತ್ತೆ ಲೆಕ್ಕ ಹಾಕಿದರು. ಅಲ್ಲಿ ಚೀಲಗಳ ಅಟ್ಟಿಯ ಎತ್ತರ ಕಡಿಮೆ ಮಾಡಬೇಕಾಯಿತು. ಮಾಲೀಕರು ಗೊಣಗಿ ಒಪ್ಪಿದರು. ನನ್ನನ್ನು ಮುಂದಿನ ತಿಂಗಳಿಂದ ಹಾವೇರಿಯ ಇನ್ನೊಂದು ಕೆಲಸಕ್ಕೆ ಹಾಕಿದ್ದಾರೆ; ಅದು ಶಿಕ್ಷೆಯೋ ಅಲ್ಲವೋ ಎಂದು ಕೇಳಲು ಹೋಗಲಿಲ್ಲ.

ನಿನ್ನೆ ಕೋರ್ ತೆಗೆದ ತೂತುಗಳಿಗೆ ಕುಗ್ಗದ ಗಾರೆ ತುಂಬಿಸಿದೆ. ಗೌಂಡಿ ಅದರ ಮೇಲೆ ಸಿಮೆಂಟು ಹಾಲು ಬಳಿದು ಗುರುತೇ ಸಿಗದಂತೆ ಮಾಡಿಕೊಡಲೇ ಸರ್ ಎಂದು ಕೇಳಿದ. ಬೇಡ, ಕಾಣಲಿ ಎಂದೆ. ಉತ್ತರದ ಅಂಕಣದ ಗೋಡೆಯ ಮೇಲೆ ಅಟ್ಟಿಯ ಎತ್ತರಕ್ಕೆ ಕೆಂಪು ಬಣ್ಣದಲ್ಲಿ ಗೆರೆ ಎಳೆಸಿದ್ದೇನೆ. ಬಣ್ಣ ಇನ್ನೊಂದು ಕೋಟು ಬಾಕಿ ಇದೆ.